ಟಿವಿ ಆಫ್ ಮಾಡ್ತಿದ್ದವರು ಯಾರು?

"ನಮ್ಮ ಕಾಲದಲ್ಲಿ ಮಕ್ಕಳು ಹೀಗಿರಲಿಲ್ಲಪ್ಪ. ಟಿವಿ ನೋಡೋ ಹೊತ್ತಿಗೆ ಟಿವಿ, ಓದೋ ಹೊತ್ತಿಗೆ ಓದು. ಮನೇಲಿ ಒಂದು ಶಿಸ್ತು ಅಂತ ಇತ್ತು."

ಚಿಕ್ಕ ಮಕ್ಕಳಿರುವ ಯಾರಿಗೂ ಈ ಮಾತು ಹೊಸದಲ್ಲ. ಮದುವೆ, ನಾಮಕರಣ, ಗೃಹಪ್ರವೇಶ.. ಎಲ್ಲೇ ಹೋಗಲಿ, ಮೊಬೈಲು ಹಿಡಿದು ಮೂಲೆ ಸೇರಿದ ಒಂದು ಮಗು ಇರುತ್ತದೆ. ಅದನ್ನು ನೋಡಿ ಈ ಮಾತು ಹೇಳುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಪಕ್ಕದಲ್ಲಿ ಆ ಮಗುವಿನ ಅಪ್ಪ ಅಮ್ಮ ಮುಖ ಚಿಕ್ಕದು ಮಾಡಿಕೊಂಡು ನಿಂತಿರುತ್ತಾರೆ. ಅವರ ಪೈಕಿ ನಾನೂ ಒಬ್ಬ.

ಹಿರಿಯರು ಸುಳ್ಳು ಹೇಳುತ್ತಿಲ್ಲ. ಆಗಿನ ಮನೆಗಳಲ್ಲಿ ಹೊತ್ತು ಹೊತ್ತಿಗೆ ಒಂದೊಂದು ಕೆಲಸ ಇದ್ದದ್ದು ನಿಜ. ಆದರೆ ಆ ಶಿಸ್ತು ಬಂದದ್ದು ಎಲ್ಲಿಂದ ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದ್ದ ಪ್ರಶ್ನೆ. ಇನ್ನೂ ನೇರವಾಗಿ ಕೇಳಬೇಕೆಂದರೆ, ಆಗ ಟಿವಿ ಆಫ್ ಮಾಡುತ್ತಿದ್ದವರು ಯಾರು? ಹಳೆಯದನ್ನೆಲ್ಲ ಓದಿ ಜೋಡಿಸಿಕೊಂಡಾಗ ನನಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

*

ಟಿವಿಗಿಂತ ಮೊದಲು ರೇಡಿಯೋ ಇತ್ತು. ಮೈಸೂರಿನಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದಲೇ. ಅದಾದ ಮೇಲಿನ ಎರಡು ಮೂರು ತಲೆಮಾರಿಗೆ ಮನೆಯ ಗಡಿಯಾರ ಅಂದರೆ ರೇಡಿಯೋನೇ. ಸಂಸ್ಕೃತ ವಾರ್ತೆ ಶುರುವಾಯಿತು ಅಂದರೆ ಮಕ್ಕಳು ಸ್ನಾನಕ್ಕೆ ಏಳಬೇಕು. ಪ್ರದೇಶ ಸಮಾಚಾರ ಮುಗಿಯಿತು ಅಂದರೆ ತಿಂಡಿ ತಟ್ಟೆಗೆ ಬಿದ್ದಿರಬೇಕು. ಗೋಡೆ ಗಡಿಯಾರ ಇಲ್ಲದ ಮನೆಯಲ್ಲೂ ಈ ಲೆಕ್ಕ ತಪ್ಪುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ರೇಡಿಯೋ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಸಭೆಗಳಾಗಿ ಬರುತ್ತಿತ್ತು. ಒಂದು ಸಭೆ ಮುಗಿದರೆ ಮುಗಿಯಿತು. ಆಮೇಲೆ ಗುಂಡಿ ಎಷ್ಟು ತಿರುಗಿಸಿದರೂ ಬರೀ ಗೊರಗೊರ. ಅಂದರೆ ಶುರು ಮಾಡುವುದನ್ನೂ ಮುಗಿಸುವುದನ್ನೂ ನಿಲಯದವರೇ ನೋಡಿಕೊಳ್ಳುತ್ತಿದ್ದರು. ಮನೆಯವರ ಕೆಲಸ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುವುದು ಅಷ್ಟೇ.

*

ಈಗ ಸ್ವಲ್ಪ ದೂರ ಹೋಗೋಣ, ಇಂಗ್ಲೆಂಡಿಗೆ. ಮಕ್ಕಳು ಮತ್ತು ಟಿವಿ ವಿಷಯದಲ್ಲಿ ಒಂದು ಇಡೀ ದೇಶ ತಲೆ ಕೆಡಿಸಿಕೊಂಡ ಹಳೆಯ ಪ್ರಸಂಗ ಅಲ್ಲಿಯದು. ಅದನ್ನು ಓದಿದ ಮೇಲೆಯೇ ನಮ್ಮ ಮನೆಗಳ ಕಥೆ ನನಗೆ ಸರಿಯಾಗಿ ಅರ್ಥವಾಗಿದ್ದು.

ಯುದ್ಧದ ಕಾಲದಲ್ಲಿ ನಿಂತಿದ್ದ ಬಿಬಿಸಿ ಟೆಲಿವಿಷನ್ 1946ರಲ್ಲಿ ಮತ್ತೆ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ಅಲ್ಲೊಂದು ಪದ್ಧತಿ ಬಂತು. ಮಕ್ಕಳ ಕಾರ್ಯಕ್ರಮಗಳು ಮುಗಿದ ಮೇಲೆ ಸಂಜೆ ಆರರಿಂದ ಏಳರವರೆಗೆ ಟಿವಿಯಲ್ಲಿ ಏನೂ ಬರುತ್ತಿರಲಿಲ್ಲ. ಪರದೆ ಖಾಲಿ! ಸಣ್ಣ ಮಕ್ಕಳು "ಟಿವಿ ಮುಗಿದುಹೋಯಿತು" ಅಂದುಕೊಂಡು ಮಲಗಲು ಹೋಗಲಿ, ದೊಡ್ಡ ಮಕ್ಕಳು ಹೋಂವರ್ಕ್ ಮಾಡಲಿ ಅನ್ನುವುದು ಅದರ ಉದ್ದೇಶ. ಏಳು ಗಂಟೆಗೆ ದೊಡ್ಡವರ ಕಾರ್ಯಕ್ರಮ ಶುರು. ಇದಕ್ಕೆ 'ಟಾಡ್ಲರ್ಸ್ ಟ್ರೂಸ್' ಅಂತ ಹೆಸರು ಬಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪುಟಾಣಿಗಳ ಕದನವಿರಾಮ.

ಯೋಚನೆ ಮಾಡಿ, ದಿನಾ ಸಂಜೆ ಇಡೀ ದೇಶದ ಟಿವಿ ಒಟ್ಟಿಗೆ ಬಂದ್. "ಪಕ್ಕದ ಮನೆ ಹುಡುಗ ಇನ್ನೂ ನೋಡ್ತಾ ಇದಾನೆ, ನಾನ್ಯಾಕೆ ಮಲಗಬೇಕು?" ಅಂತ ಕೇಳುವ ಹಾಗೇ ಇಲ್ಲ. ಯಾವ ತಾಯಿಯೂ ರಾಕ್ಷಸಿ ಅನ್ನಿಸಿಕೊಳ್ಳಬೇಕಾಗಿಲ್ಲ.

ಆದರೆ 1955ರ ಸೆಪ್ಟೆಂಬರಿನಲ್ಲಿ ಐಟಿವಿ ಅನ್ನುವ ಖಾಸಗಿ ಪ್ರಸಾರ ಶುರುವಾಯಿತು. ಅದು ನಡೆಯುತ್ತಿದ್ದದ್ದು ಜಾಹೀರಾತಿನ ದುಡ್ಡಿನಲ್ಲಿ. ಸಂಜೆಯ ಒಂದು ಗಂಟೆ ಖಾಲಿ ಅಂದರೆ ಒಂದು ಗಂಟೆಯ ಜಾಹೀರಾತು ನಷ್ಟ. ಅವರು ಈ ವಿರಾಮ ಬೇಡ ಎಂದರು. ಬಿಬಿಸಿಗೆ ಅದು ಇದ್ದರೇ ವಾಸಿ, ಏಕೆಂದರೆ ಇನ್ನೊಂದು ಗಂಟೆಯ ಕಾರ್ಯಕ್ರಮ ಮಾಡುವುದೆಂದರೆ ಅವರಿಗೆ ಖರ್ಚು. ಪ್ರಸಾರದ ವೇಳೆಯನ್ನು ನೋಡಿಕೊಳ್ಳುವ ಅಧಿಕಾರ ಇದ್ದದ್ದು ಪೋಸ್ಟ್‌ಮಾಸ್ಟರ್ ಜನರಲ್ ಅನ್ನುವ ಮಂತ್ರಿಗೆ. ಆಗ ಆ ಸ್ಥಾನದಲ್ಲಿದ್ದವರು ಚಾರ್ಲ್ಸ್ ಹಿಲ್. ಸ್ವತಃ ವೈದ್ಯರು, ಯುದ್ಧದ ಕಾಲದಲ್ಲಿ 'ರೇಡಿಯೋ ಡಾಕ್ಟರ್' ಅಂತ ಮನೆಮಾತಾಗಿದ್ದವರು. ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಮಲಗಿಸುವುದು ಅಪ್ಪ ಅಮ್ಮಂದಿರ ಜವಾಬ್ದಾರಿ, ಸರ್ಕಾರದ್ದಲ್ಲ ಅನ್ನುವುದು ಅವರ ನಿಲುವು. 1956ರಲ್ಲಿ ಇದನ್ನು ಕೈಬಿಡುವ ತೀರ್ಮಾನ ಆಯಿತು. 1957ರ ಫೆಬ್ರವರಿ 16, ಶನಿವಾರ, ಆ ಖಾಲಿ ಗಂಟೆ ಕೊನೆಯಾಯಿತು. ಅವತ್ತು ಆ ಹೊತ್ತಿಗೆ ಬಿಬಿಸಿ ಹಾಕಿದ್ದು 'ಸಿಕ್ಸ್-ಫೈವ್ ಸ್ಪೆಷಲ್' ಅನ್ನುವ ಹಾಡು-ಕುಣಿತದ ಕಾರ್ಯಕ್ರಮ, ಹರೆಯದ ಹುಡುಗ ಹುಡುಗಿಯರಿಗಾಗಿಯೇ ಮಾಡಿದ್ದು.

ಹಿಲ್ ಹೇಳಿದ್ದು ತಪ್ಪು ಅಂತ ನಾನು ಹೇಳಲಾರೆ. ಮನೆಯ ಒಳಗಿನ ಹೊತ್ತನ್ನು ಸರ್ಕಾರ ಯಾಕೆ ತೀರ್ಮಾನಿಸಬೇಕು? ಆದರೆ ಅವತ್ತು ಆಗಿದ್ದೇನು ಅಂತ ನೋಡಿ. ಅಲ್ಲಿಯವರೆಗೆ ಎಲ್ಲರ ಪರವಾಗಿ ಒಂದೇ ಕಡೆ ಆಗುತ್ತಿದ್ದ ಒಂದು ಕೆಲಸವನ್ನು ಅವತ್ತಿನಿಂದ ಪ್ರತಿ ಮನೆಯೂ ಬೇರೆ ಬೇರೆಯಾಗಿ, ದಿನಾ ಮಾಡಬೇಕಾಯಿತು.

ಐಸ್‌ಲ್ಯಾಂಡ್ ದೇಶದಲ್ಲೂ ಹೀಗೇ. ಅಲ್ಲಿ 1966ರಲ್ಲಿ ಸರ್ಕಾರಿ ಟಿವಿ ಶುರುವಾದಾಗ ಗುರುವಾರ ಪ್ರಸಾರವೇ ಇರುತ್ತಿರಲಿಲ್ಲ. ಜುಲೈ ತಿಂಗಳು ಪೂರ್ತಿ ಟಿವಿಗೆ ಬೇಸಿಗೆ ರಜೆ! ಜುಲೈ ರಜೆ 1983ರವರೆಗೆ ನಡೆಯಿತು, ಗುರುವಾರದ ರಜೆ 1987ರವರೆಗೆ. 1986ರಲ್ಲಿ ಖಾಸಗಿ ಚಾನೆಲ್ ಬಂದ ಮೇಲೆ ಗುರುವಾರ ಸುಮ್ಮನೆ ಕೂರುವುದು ಸರ್ಕಾರಿ ಟಿವಿಗೂ ಕಷ್ಟವಾಯಿತು. ಎರಡೂ ದೇಶಗಳಲ್ಲಿ ಜನ ಬೇಡ ಎಂದು ಗಲಾಟೆ ಮಾಡಿ ಟಿವಿಯ ರಜೆ ಹೋದದ್ದಲ್ಲ. ಎರಡನೇ ಅಂಗಡಿ ಬಾಗಿಲು ತೆರೆದ ಮೇಲೆ ಮೊದಲ ಅಂಗಡಿಯವನಿಗೆ ಬಾಗಿಲು ಹಾಕಲು ಆಗಲಿಲ್ಲ, ಅಷ್ಟೇ.

*

ನಮ್ಮ ಕಡೆಗೆ ಬರೋಣ. ದೆಹಲಿಯಲ್ಲಿ ಪ್ರಾಯೋಗಿಕವಾಗಿ ಟಿವಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಎಲ್ಲಿಗೆ ಅಂತ ಕೇಳಿದರೆ ಬಹಳ ಜನ ಬೆಂಗಳೂರು ಅನ್ನುತ್ತಾರೆ. ಅಲ್ಲ, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ! 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಬಂತು. ಇದೇ 'ಸೈಟ್' ಪ್ರಯೋಗ. ವಿಕ್ರಂ ಸಾರಾಭಾಯಿಯವರು ಕಂಡ ಕನಸು. ಅದು ನನಸಾಗುವ ಹೊತ್ತಿಗೆ ಅವರೇ ಇರಲಿಲ್ಲ, 1971ರಲ್ಲಿ ತೀರಿಕೊಂಡಿದ್ದರು.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ಹೊತ್ತನ್ನು ನಾಲ್ಕು ಭಾಷೆಗಳಿಗೆ ಹಂಚಿದರೆ ಕನ್ನಡದ ಮಕ್ಕಳ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಇವತ್ತು ಅಷ್ಟು ಹೊತ್ತಿನಲ್ಲಿ ಒಂದು ಮಗು ಎಷ್ಟು ವಿಡಿಯೋ ಬದಲಾಯಿಸುತ್ತದೆ ಅಂತ ಲೆಕ್ಕ ಹಾಕಿ..

ಆ ಸೆಟ್ಟು ಇದ್ದದ್ದು ಯಾರ ಮನೆಯಲ್ಲೂ ಅಲ್ಲ. ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ. ಪ್ರತಿ ಹಳ್ಳಿಯಲ್ಲೂ ಅದನ್ನು ನೋಡಿಕೊಳ್ಳಲು ಒಬ್ಬರು ಇದ್ದರು, ಎಷ್ಟೋ ಕಡೆ ಶಾಲೆಯ ಮೇಷ್ಟ್ರೇ. ಹೊತ್ತಿಗೆ ಸರಿಯಾಗಿ ಹಾಕುವುದು, ಮುಗಿದ ಮೇಲೆ ಆಫ್ ಮಾಡಿ ಬೀಗ ಹಾಕುವುದು ಅವರ ಕೆಲಸ. ಅಂದರೆ ನಮ್ಮ ನಾಡಿನಲ್ಲಿ ಮಕ್ಕಳ ಟಿವಿಯನ್ನು ಮೊದಲು ಆಫ್ ಮಾಡಿದವರಲ್ಲಿ ಮೇಷ್ಟ್ರುಗಳಿದ್ದರು! ವರ್ಷ ಕಳೆದ ಮೇಲೆ ಅಮೆರಿಕದವರು ಉಪಗ್ರಹವನ್ನು ವಾಪಸ್ ಸರಿಸಿಕೊಂಡರು. 1977ರಲ್ಲಿ ಗುಲ್ಬರ್ಗಕ್ಕೆ ಟಿವಿ ಟವರ್ ಬಂತು.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. 1982ರ ಆಗಸ್ಟ್ 15ಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಮತ್ತು ಬಣ್ಣ ಎರಡೂ ಬಂದವು. 1984ರಲ್ಲಿ ದೇಶದಲ್ಲಿ ದಿನಕ್ಕೊಂದು ಅನ್ನುವ ವೇಗದಲ್ಲಿ ಸಣ್ಣ ಟ್ರಾನ್ಸ್‌ಮಿಟರುಗಳು ಎದ್ದವು. ನಮ್ಮಂಥ ಸಣ್ಣ ಊರುಗಳ ಹೆಂಚಿನ ಮೇಲೆ ಆಂಟೆನಾ ಕಾಣಿಸಿದ್ದು ಆಮೇಲೆಯೇ.

ಈಗ ಆ ದಿನಗಳ ಸಂಜೆಯನ್ನು ನೆನಪು ಮಾಡಿಕೊಳ್ಳಿ. ಟಿವಿ ಆಫ್ ಆಗುತ್ತಿದ್ದದ್ದು ಯಾರಿಂದ?

ಒಂದು, ನಿಲಯದಿಂದ. ಪ್ರಸಾರ ಇದ್ದದ್ದೇ ಸಂಜೆಯ ಕೆಲವು ಗಂಟೆ. ದೂರದರ್ಶನದ ಬೆಳಗಿನ ಪ್ರಸಾರ ಬಂದದ್ದು 1987ರಲ್ಲಿ, ಮಧ್ಯಾಹ್ನದ್ದು 1989ರಲ್ಲಿ.

ಎರಡು, ಭಾಷೆಯಿಂದ. ಇದು ಕನ್ನಡದ ಮನೆಗಳದ್ದೇ ಆದ ವಿಶೇಷ. ಎಂಟೂವರೆ ಕಳೆಯುತ್ತಿದ್ದಂತೆ ಕನ್ನಡ ಮುಗಿದು ದೆಹಲಿಯ ಹಿಂದಿ ಶುರುವಾಗುತ್ತಿತ್ತು. "ಇನ್ನು ಅವರದ್ದು ಬಂತು, ತಟ್ಟೆ ಹಾಕ್ರೇ" ಅನ್ನುತ್ತಿದ್ದರು ನಮ್ಮ ಅಜ್ಜಿ. 'ಹಮ್ ಲೋಗ್' ತರಹದ ಧಾರಾವಾಹಿ ಇದ್ದ ದಿನ ಮಾತ್ರ ಊಟ ಮುಂದಕ್ಕೆ ಹೋಗುತ್ತಿತ್ತು. ವಾರ್ತೆ ಬಂದರೆ ಮಕ್ಕಳು ತಾವಾಗಿಯೇ ಜಾಗ ಖಾಲಿ ಮಾಡುತ್ತಿದ್ದರು.

ಮೂರು, ಕರೆಂಟಿನಿಂದ. ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕು, ಪಕ್ಕದ ಮನೆಯವರಿಂದ. ಬೀದಿಗೆ ಒಂದೋ ಎರಡೋ ಟಿವಿ. ಅವರ ಮನೆ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ನೋಡುತ್ತಿದ್ದ ನಮಗೆ, ಅವರ ಮನೆಯ ಊಟದ ಹೊತ್ತಾಯಿತು ಅಂದರೆ ಎದ್ದು ಬರಬೇಕು ಅನ್ನುವುದು ಹೇಳದೆಯೇ ಗೊತ್ತಿತ್ತು.

ಐದು, ಅಪ್ಪನಿಂದ. ಆಗಿನ ಡಯನೋರಾ, ಸಾಲಿಡೇರ್ ಕಾಲದ ಟಿವಿಗಳು ಎಷ್ಟೋ ಮನೆಗಳಲ್ಲಿ ಮರದ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಎದುರಿಗೆ ಎಳೆಯುವ ಶಟರ್, ಅದಕ್ಕೊಂದು ಬೀಗ. ಪರೀಕ್ಷೆ ಬಂತು ಅಂದರೆ ಬೀಗದ ಕೈ ಅಪ್ಪನ ಜೇಬಿಗೆ.

ಈ ಐದರಲ್ಲಿ ಮನೆಯವರ ಶಿಸ್ತು ಅನ್ನಬಹುದಾದದ್ದು ಐದನೆಯದು ಒಂದೇ. ಮಿಕ್ಕ ನಾಲ್ಕೂ ಹೊರಗಿನಿಂದ ಪುಕ್ಕಟೆ ಸಿಕ್ಕವು. ಹಿರಿಯರು ಶಿಸ್ತು ಅನ್ನುವುದರ ಬಹುಪಾಲು, ಇನ್ನೂ ಬಾರದೇ ಇದ್ದ ಅನುಕೂಲಗಳು ಅಷ್ಟೇ!

*

ಟಿವಿ ಆಗ ಮನೆಯ ಪದ್ಧತಿಯನ್ನು ಕೆಡಿಸಲಿಲ್ಲ ಅಂತಲೂ ಅಲ್ಲ. ಅದಕ್ಕೂ ಹಿಂದಿನ ಸಂಜೆ ಹೇಗಿತ್ತು? ಕತ್ತಲಾಗುವ ಮುಂಚೆ ಆಟ ನಿಲ್ಲಿಸಿ, ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿದಲ್ಲಿಗೆ ಬಂದು ಕೂರಬೇಕು. ಶ್ಲೋಕ, ಮಗ್ಗಿ, ಸಂವತ್ಸರಗಳ ಹೆಸರು, ತಿಥಿ ನಕ್ಷತ್ರ.. ಎಲ್ಲ ಬಾಯಿಪಾಠ. ಎಲ್ಲರ ಮನೆಯಲ್ಲೂ ಇವೇ ಅಲ್ಲ, ಆದರೆ ದೀಪ ಹಚ್ಚಿದ ಮೇಲೆ ಮಕ್ಕಳು ಮನೆಯೊಳಗಿರಬೇಕು ಅನ್ನುವುದು ಸುಮಾರು ಎಲ್ಲ ಕಡೆ ಇತ್ತು. ಟಿವಿ ಬಂದು ಕೂತದ್ದು ಸರಿಯಾಗಿ ಆ ಹೊತ್ತಿನ ಮೇಲೆ. ಮಗ್ಗಿಯನ್ನು ಮೊದಲು ಓಡಿಸಿದ್ದು ಮೊಬೈಲ್ ಅಲ್ಲ ಅನ್ನುವುದನ್ನು ಹಿರಿಯರಿಗೆ ಮೆಲ್ಲಗೆ ನೆನಪಿಸಬೇಕು :)

1987ರ ಜನವರಿ 25ರಿಂದ 'ರಾಮಾಯಣ', 1988ರ ಅಕ್ಟೋಬರ್ 2ರಿಂದ 'ಮಹಾಭಾರತ'. ಎರಡೂ ಭಾನುವಾರ ಬೆಳಗ್ಗೆ. ಭಾನುವಾರದ ಎಣ್ಣೆಸ್ನಾನ, ತಿಂಡಿ, ಕಸ ಮುಸುರೆ ಎಲ್ಲ ಆ ಒಂದು ಹೊತ್ತಿನ ಆಚೆ ಈಚೆ ಸರಿದುಕೊಂಡವು. ಟಿವಿಗೇ ಊದುಬತ್ತಿ ಹಚ್ಚಿದ ಮನೆಗಳಿದ್ದವು. ಬೀದಿಯಲ್ಲಿ ಗೋಲಿ, ಲಗೋರಿ ಆಡುವವರು ಇಲ್ಲ. ಆದರೂ ಕಂತು ಮುಗಿದ ಮೇಲೆ ಮುಂದಿನ ಭಾನುವಾರದವರೆಗೆ ಕಾಯಲೇಬೇಕು. ಆ ಕಾಯುವುದರಲ್ಲಿ ವಾರವಿಡೀ ಬಿಲ್ಲು ಬಾಣದ ಆಟ ನಡೆಯುತ್ತಿತ್ತು. ನೋಡಿದ್ದು ಮುಕ್ಕಾಲು ಗಂಟೆ, ಆಡಿದ್ದು ಆರು ದಿನ.

ಇನ್ನೊಂದು ಮಾತನ್ನೂ ಹೇಳಬೇಕು. ಹೊತ್ತಿಗೆ ಸರಿಯಾಗಿ ಸ್ನಾನ, ತಿಂಡಿ, ಊಟ, ಹಾಸಿಗೆ ಅನ್ನುವ ಆ ಪದ್ಧತಿಯ ಹಿಂದೆ ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಒಲೆ ಒರೆಸುತ್ತಿದ್ದ ಅಮ್ಮಂದಿರಿದ್ದರು. ಜೊತೆಗೆ ಅತ್ತೆ, ಅಜ್ಜಿ, ಮದುವೆಯಾಗದ ಚಿಕ್ಕಮ್ಮ. ಮಗುವನ್ನು ಎತ್ತಿಕೊಳ್ಳಲು, ಕಥೆ ಹೇಳಿ ತುತ್ತು ಇಡಲು ಯಾರಾದರೂ ಇರುತ್ತಿದ್ದರು. ಇವತ್ತು ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅನ್ನಕ್ಕೆ ಇಟ್ಟ ಕುಕ್ಕರ್ ಕೂಗುವವರೆಗೆ ಮಗುವನ್ನು ಕೂರಿಸುವವರು ಯಾರು? ಆ ಜಾಗಕ್ಕೆ ಬಂದದ್ದೇ ಕಾರ್ಟೂನು. ಅದನ್ನು ಬಿಟ್ಟು ಬರೀ ಮಕ್ಕಳ ಹಟದ ಬಗ್ಗೆ ಮಾತಾಡಿದರೆ ಅರ್ಧ ಕಥೆ ಹೇಳಿದ ಹಾಗೆ.

*

ಕೊನೆ ಅನ್ನುವುದು ಕಾಣೆಯಾದದ್ದು ಒಂದೇ ದಿನದಲ್ಲಿ ಅಲ್ಲ. 1991ರಲ್ಲಿ ಕೊಲ್ಲಿ ಯುದ್ಧ, ಅದೇ ವರ್ಷ ಸ್ಟಾರ್ ಟಿವಿ, ಅದರ ಹಿಂದೆಯೇ ಬೀದಿ ಬೀದಿಗೆ ಕೇಬಲ್. 1994ರಲ್ಲಿ ಉದಯ ಟಿವಿ ಬಂದ ಮೇಲೆ "ಕನ್ನಡ ಮುಗಿಯಿತು, ಊಟಕ್ಕೆ ಏಳಿ" ಅನ್ನುವ ಮಾತು ನಿಂತುಹೋಯಿತು. ಕನ್ನಡಿಗರಾಗಿ ನಮಗೆ ಖುಷಿಯ ವಿಷಯವೇ. ಆದರೆ ಅಜ್ಜಿಯ ಗಡಿಯಾರ ಕೆಟ್ಟದ್ದೂ ಅವತ್ತೇ.

ಕಾರ್ಟೂನ್ ನೆಟ್‌ವರ್ಕ್ ನಮ್ಮಲ್ಲಿಗೆ ಬಂದದ್ದು 1995ರಲ್ಲಿ. ಆಗ ಅದಕ್ಕೂ ಒಂದು ಕೊನೆ ಇತ್ತು, ನಿಮಗೆ ನೆನಪಿರಬಹುದು. ರಾತ್ರಿಯಾಯಿತು ಅಂದರೆ ಅದೇ ಚಾನೆಲ್ಲಿನಲ್ಲಿ ಹಳೆಯ ಇಂಗ್ಲಿಷ್ ಸಿನಿಮಾಗಳು ಶುರು. ಟಾಮ್ ಅಂಡ್ ಜೆರ್ರಿ ಮಲಗಲು ಹೋದರು ಅಂತ ಮಕ್ಕಳನ್ನು ಒಪ್ಪಿಸಬಹುದಿತ್ತು. 2001ರಲ್ಲಿ ಅದು ಇಪ್ಪತ್ನಾಲ್ಕು ಗಂಟೆಯ ಚಾನೆಲ್ ಆಯಿತು. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನು ಕನ್ನಡದಲ್ಲೇ ಮಾತಾಡತೊಡಗಿತು. ಈ ನಡುವೆ ದೊಡ್ಡವರೂ ಸುಮ್ಮನಿರಲಿಲ್ಲ. 2000ದ ಕೊನೆಯಲ್ಲಿ ಈಟಿವಿ ಕನ್ನಡ ಬಂದ ಮೇಲೆ ಸಂಜೆಯಿಂದ ರಾತ್ರಿಯವರೆಗೆ ಧಾರಾವಾಹಿಗಳ ಸಾಲು. ಒಗ್ಗರಣೆ ಹಾಕುವುದು ಬ್ರೇಕಿನಲ್ಲಿ, ಮಗುವಿನ ಹೋಂವರ್ಕ್ ನೋಡುವುದೂ ಬ್ರೇಕಿನಲ್ಲೇ. ಶಿಸ್ತಿನ ಪಾಠ ಹೇಳುವ ಹಿರಿಯರೇ ಆಗ ರಿಮೋಟು ಹಿಡಿದು ಕೂತಿದ್ದರು ಅನ್ನುವುದನ್ನು ನಾನು ಹೇಳಲಿಲ್ಲ ಅಂದುಕೊಳ್ಳಿ.

ಆಮೇಲೆ ಮೊಬೈಲು. ಟಿವಿಯಲ್ಲಿ ಕಡೇ ಪಕ್ಷ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವೆ ಉಸಿರಾಡಲು ಜಾಗ ಇತ್ತು. ಯೂಟ್ಯೂಬಿನಲ್ಲಿ ಒಂದು ವಿಡಿಯೋ ಮುಗಿಯುವಷ್ಟರಲ್ಲಿ ಮುಂದಿನದು ತಾನಾಗಿಯೇ ಶುರುವಾಗುತ್ತದೆ. ಮೊದಲು ನಿಲ್ಲುವುದು ತಾನಾಗಿ ಆಗುತ್ತಿತ್ತು, ನೋಡಬೇಕೆಂದರೆ ನಾವು ಏನಾದರೂ ಮಾಡಬೇಕಿತ್ತು. ಈಗ ಉಲ್ಟಾ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದ ಮೇಲಂತೂ ಶಾಲೆಯೇ ಮೊಬೈಲಿನೊಳಕ್ಕೆ ಹೋಯಿತು. "ಮೊಬೈಲ್ ಬಿಟ್ಟು ಓದು" ಅನ್ನುವ ಕೊನೆಯ ಅಸ್ತ್ರವೂ ಕೈಬಿಟ್ಟಿತು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಹೀಗೆ: ಎರಡು ವರ್ಷ ತುಂಬುವವರೆಗೆ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ. ಸರಿಯಾದ ಮಾತು. ಆದರೆ ಆ ಒಂದು ಗಂಟೆ ಮುಗಿದಾಗ ಅಳುವ ಮಗುವಿನ ಕೈಯಿಂದ ಮೊಬೈಲು ಕಿತ್ತುಕೊಳ್ಳುವವರು ನಾನು, ನೀವು. ಬೆಂಗಳೂರು ನಿಲಯವೂ ಇಲ್ಲ, ಮೇಷ್ಟ್ರೂ ಇಲ್ಲ.

*

ನಮ್ಮ ಬೆಳಗಾವಿ ಜಿಲ್ಲೆಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಊರಿದೆ. ಅಲ್ಲಿ 2022ರಲ್ಲಿ ಊರವರೆಲ್ಲ ಸೇರಿ ಒಂದು ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗುತ್ತದೆ. ಆಗ ಮನೆಮನೆಯಲ್ಲೂ ಟಿವಿ, ಮೊಬೈಲು ಬಂದ್. ಮಕ್ಕಳು ಓದಬೇಕು, ದೊಡ್ಡವರು ಮಾತಾಡಬೇಕು. ಎಂಟೂವರೆಗೆ ಮತ್ತೆ ಬಿಡುಗಡೆ. ಕರೋನಾ ಕಾಲದ ಆನ್‌ಲೈನ್ ಪಾಠದ ನಂತರ ಮಕ್ಕಳು ಮೊಬೈಲಿಗೆ ಅಂಟಿಕೊಂಡದ್ದನ್ನು ಕಂಡು ಮಾಡಿದ್ದು ಇದು.

ಈ ಸುದ್ದಿ ಓದಿದಾಗ ನನಗೆ ತಟ್ಟನೆ ನೆನಪಾದದ್ದು ಇಂಗ್ಲೆಂಡಿನ ಆ ಖಾಲಿ ಗಂಟೆ. 1957ರಲ್ಲಿ ಒಂದು ಸರ್ಕಾರ ಬೇಡ ಎಂದು ಕೈಬಿಟ್ಟದ್ದನ್ನು ಅರುವತ್ತೈದು ವರ್ಷದ ಮೇಲೆ ಒಂದು ಹಳ್ಳಿ ತಾನಾಗಿಯೇ ಬೇಕು ಅಂದುಕೊಂಡಿತು. ಮೇಲಿನಿಂದ ಬಂದ ನಿಯಮ ಅಲ್ಲ, ಕೂತು ಮಾತಾಡಿ ಒಪ್ಪಿದ್ದು. ಆದರೆ ಉಪಾಯ ಅದೇ, ಎಲ್ಲರೂ ಒಟ್ಟಿಗೆ ಆಫ್ ಮಾಡುವುದು. ಒಂದು ಮನೆ ಮಾತ್ರ ಆಫ್ ಮಾಡಿದರೆ ಅದು ಶಿಕ್ಷೆ. ಇಡೀ ಬೀದಿ ಮಾಡಿದರೆ ಅದು ಊರಿನ ಪದ್ಧತಿ. ಮಕ್ಕಳಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸೈರನ್ ಕೂಗಿಸಲು ಆಗುವುದಿಲ್ಲ. ನಾವು ಮಾಡಿದ್ದು ಸಣ್ಣದು. ನಮ್ಮ ಮಹಡಿಯ ಮೂರು ಮನೆಯವರು ಮಾತಾಡಿಕೊಂಡು ಏಳರಿಂದ ಎಂಟರವರೆಗೆ ಎಲ್ಲರ ಮನೆಯಲ್ಲೂ ಟಿವಿ, ಮೊಬೈಲು ಬೇಡ ಅಂತ ಇಟ್ಟುಕೊಂಡಿದ್ದೇವೆ. ದೊಡ್ಡವರಿಗೂ ಸೇರಿಸಿ. ಆಫೀಸಿನ ಫೋನು ಬಂದರೆ ಹೊರಗೆ ಕಾರಿಡಾರಿಗೆ ಹೋಗಬೇಕು. ಮೊದಲ ವಾರ ರಂಪಾಟ ಆಯಿತು. ಈಗ ಆ ಹೊತ್ತಿಗೆ ಐದು ಮಕ್ಕಳು ಒಂದು ಮನೆಯಲ್ಲಿ ಸೇರುತ್ತವೆ, ಕೇರಂ ಬೋರ್ಡಿನ ಮೇಲೆ ಜಗಳ ಆಡುತ್ತವೆ. ಕೆಲವು ದಿನ ತಪ್ಪುತ್ತದೆ, ಕ್ರಿಕೆಟ್ ಇದ್ದರೆ ಖಂಡಿತ ತಪ್ಪುತ್ತದೆ. ಮಾರನೇ ದಿನ ಮತ್ತೆ ಶುರು.

ಹಾಗಾಗಿ ಇನ್ನು ಮುಂದೆ ಯಾರಾದರೂ "ನಮ್ಮ ಕಾಲದಲ್ಲಿ.." ಅಂತ ಶುರು ಮಾಡಿದರೆ ವಾದ ಮಾಡಬೇಡಿ. "ನಿಮ್ಮ ಮನೇಲಿ ಟಿವಿ ಯಾರು ಆಫ್ ಮಾಡ್ತಿದ್ರು?" ಅಂತ ಕೇಳಿ ನೋಡಿ. ಮಾತು ಬೈಗುಳದಿಂದ ಕಥೆಯ ಕಡೆಗೆ ತಿರುಗುತ್ತದೆ. ನಿಮ್ಮ ಮನೆಯಲ್ಲಿ ಯಾರು ಅಂತ ನೀವೂ ಬರೆಯಿರಿ. ಶಟರ್ ಬೀಗದ ಕೈ ಕದ್ದ ಕಥೆಗಳಿದ್ದರೆ ಇನ್ನೂ ಒಳ್ಳೆಯದು.